ಒಂದೇ ಸುಳ್ಳಿನ ಶನಿವಾರಗಳು

2006ರ ಆಗಸ್ಟ್ 24ರಂದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದವರು ಪ್ರಾಗ್ ನಗರದಲ್ಲಿ ಸಭೆ ಸೇರಿ ಪ್ಲುಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು. ಕಾರವಾರದಲ್ಲಿ ನಮ್ಮ ಕತೆ ಹೇಳುವ ಕೂಟ ಹುಟ್ಟಿದ್ದು ಆ ಸುದ್ದಿಯ ಮೇಲಿನ ಜಗಳದಿಂದ. ಆಗ ನಾವು ಬಿ.ಎಸ್ಸಿ. ಮೊದಲ ವರ್ಷ. ಮರುದಿನ ಲೈಬ್ರರಿಯಲ್ಲಿ ಪೇಪರ್ ಹಿಡಿದುಕೊಂಡು ನಾಲ್ಕೈದು ಜನ 'ಪ್ಲುಟೋಗೆ ಅನ್ಯಾಯ' ಎಂದು ಗಲಾಟೆ ಮಾಡಿದೆವು. ಲೈಬ್ರರಿಯ ಅಕ್ಕೋರು ಹೊರಗೆ ಕಳಿಸಿದರು. ಹೊರಗೆ ಧೋ ಎಂದು ಮಳೆ. ವರಾಂಡದಲ್ಲೇ ನಿಂತು ಜಗಳ ಮುಂದುವರಿಸಿದೆವು. ಆ ಕಡೆ ಬಂದ ಫಿಸಿಕ್ಸ್ ಸರ್ ಸ್ವಲ್ಪ ಹೊತ್ತು ಕೇಳಿದರು. "ಪ್ಲುಟೋದಲ್ಲಿ ಯಾರಾದರೂ ಇದ್ದು, ಅವರಿಗೆ ಈ ಸುದ್ದಿ ಮುಟ್ಟಿದರೆ ಏನು ಮಾಡಿಯಾರು? ಶನಿವಾರ ಹೇಳಿ" ಎಂದು ಕ್ಲಾಸಿಗೆ ಹೋದರು.

ಶನಿವಾರ ಸೇರಿದೆವು. ಡಿಗ್ರಿ ಮುಗಿಯುವವರೆಗೂ ಆ ಚಟ ಬಿಡಲಿಲ್ಲ.

ಕೂಟಕ್ಕೊಂದು ಹೆಸರಿಡಲು ಹೋಗಿ ಜಗಳವಾಯಿತು. ಕೊನೆಗೆ ಹೆಸರೇ ಬೇಡ ಎಂದು ತೀರ್ಮಾನವಾಯಿತು. ಮಳೆಗಾಲದಲ್ಲಿ ಅದೇ ವರಾಂಡ. ಮಳೆ ಬಿಟ್ಟ ಮೇಲೆ ಟಾಗೋರ್ ಬೀಚು, ಅಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ ಐಎನ್‌ಎಸ್ ಚಪಲ್ ಯುದ್ಧನೌಕೆಯ ಆಸುಪಾಸು. ಕ್ಷಿಪಣಿ ಹೊತ್ತ ಹಡಗಿನ ಪಕ್ಕ ಕೂತು ಅನ್ಯಗ್ರಹದವರ ಬಗ್ಗೆ ಮಾತಾಡಲು ಒಂಥರಾ ಧೈರ್ಯ ಬರುತ್ತಿತ್ತು! ಅಂಕೋಲಾದವರಿಗೆ ಬಸ್ಸು ತಪ್ಪುತ್ತದೆ ಎಂದು ಕತ್ತಲಾಗುವುದರೊಳಗೆ ಏಳಬೇಕಿತ್ತು. ಎಷ್ಟೋ ಕತೆಗಳು ಬಸ್ಸಿನ ಕಾರಣಕ್ಕೇ ಅರ್ಧಕ್ಕೆ ನಿಂತಿವೆ.

ನಿಯಮ ಒಂದೇ. ಸರ್ ಹಾಕಿದ್ದು. ಕತೆ ಹೇಳುವವರು ಒಂದು ಸುಳ್ಳು ಹೇಳಬಹುದು. ಎಷ್ಟು ದೊಡ್ಡದಾದರೂ ಸರಿ. ಆದರೆ ಆಮೇಲೆ ಬರುವುದೆಲ್ಲ ಲೆಕ್ಕಕ್ಕೆ ಸರಿಹೋಗಬೇಕು. ಎರಡನೇ ಸುಳ್ಳು ಸಿಕ್ಕಿಬಿದ್ದರೆ ಅವತ್ತಿನ ಬನ್ಸ್-ಭಾಜಿಯ ಖರ್ಚು ಕತೆ ಹೇಳಿದವರದ್ದು. ಹೀಗಾಗಿ ಕತೆ ಕೇಳುವಾಗ ಎಲ್ಲರೂ ಕಿವಿ ನಿಮಿರಿಸಿಕೊಂಡೇ ಕೂರುತ್ತಿದ್ದೆವು. ಹಸಿವು ಜಾಸ್ತಿಯಿದ್ದ ದಿನ ತಪ್ಪೂ ಜಾಸ್ತಿ ಸಿಗುತ್ತಿದ್ದವು.

ಯಲ್ಲಾಪುರದ ಗೆಳೆಯನದ್ದು ಮಾಯವಾಗುವ ಮನುಷ್ಯನ ಕತೆ. ಯಾರ ಕಣ್ಣಿಗೂ ಕಾಣದ ಒಬ್ಬ ಕಾರವಾರದ ಮೀನು ಮಾರ್ಕೆಟ್ಟಿಗೆ ನುಗ್ಗಿ ಬುಟ್ಟಿಯಿಂದ ಬಂಗಡೆ ಕದಿಯುತ್ತಾನೆ. ನಮ್ಮ ಗೆಳೆಯ ಹುಟ್ಟಿನಿಂದ ಮೀನು ಮುಟ್ಟದವನು, ಬಂಗಡೆಯನ್ನೇ ಯಾಕೆ ಆರಿಸಿಕೊಂಡನೋ ದೇವರಿಗೇ ಗೊತ್ತು. ಸದಾಶಿವಗಡದ ಹುಡುಗಿ ಅರ್ಧದಲ್ಲೇ ತಡೆದಳು. "ಅವನು ಕಾಣೋದಿಲ್ಲ ಅಂದರೆ ಬೆಳಕು ಅವನ ಮೈಯೊಳಗಿಂದ ನೇರ ದಾಟಿಹೋಗುತ್ತದೆ, ಅಲ್ವಾ? ಹಾಗಾದರೆ ಕಣ್ಣಿನ ಪರದೆಯಲ್ಲೂ ನಿಲ್ಲೋದಿಲ್ಲ. ಅವನಿಗೆ ಬಂಗಡೆ ಹೇಗೆ ಕಂಡಿತು?"

ಹೌದಲ್ಲ! ಬೆಳಕನ್ನು ಹಿಡಿಯದ ಕಣ್ಣು ಕುರುಡು. ಗೆಳೆಯ ಬಿಡಲಿಲ್ಲ. ಕಣ್ಣಿನ ಪರದೆ ಮಾತ್ರ ಮಾಯವಾಗಿಲ್ಲ ಎಂದ. ಸರಿ, ಆದರೆ ಚಿತ್ರ ಮೂಡಬೇಕಾದರೆ ಮುಂದಿನ ಮಸೂರ ಬೆಳಕನ್ನು ಬಗ್ಗಿಸಬೇಕು. ಬೆಳಕನ್ನು ಬಗ್ಗಿಸುವ ವಸ್ತು ಕಂಡೇ ಕಾಣುತ್ತದೆ, ನೀರಲ್ಲಿಟ್ಟ ಗಾಜಿನ ಲೋಟದ ಅಂಚಾದರೂ ಕಾಣುತ್ತದಲ್ಲ. ಪಕ್ಕದಿಂದ ಬೆಳಕು ನುಗ್ಗದಂತೆ ಗುಡ್ಡೆಯ ಸುತ್ತಲೂ ಮರೆ ಬೇಕು. ಹೀಗೆ ಒಂದೊಂದಾಗಿ ಸೇರಿಸುತ್ತ ಹೋಗಿ ಕೊನೆಗೆ ಮೀನು ಬುಟ್ಟಿಗಳ ಮೇಲೆ ಎರಡು ಕಣ್ಣುಗುಡ್ಡೆಗಳು ತೇಲುತ್ತ ಹೋಗುವಂತಾಯಿತು. ಕಪ್ಪು ಕನ್ನಡಕ ಹಾಕಿಸುತ್ತೇನೆ ಎಂದ. ಕನ್ನಡಕ ತೇಲುವುದಿಲ್ಲವಾ? "ಅದು ಹೋಗಲಿ ಮಾರಾಯ, ಅವನು ತಿಂದ ಬಂಗಡೆ ಕರಗುವ ತನಕ ಹೊಟ್ಟೆಯಲ್ಲಿ ಕಾಣೋದಿಲ್ಲವಾ?" ಎಂದು ಅಂಕೋಲಾದವನು ಕೇಳಿದ ಮೇಲೆ ಕತೆ ಅಲ್ಲಿಗೇ ಮುಗಿಯಿತು. ಬನ್ಸ್ ಬಂತು.

ಕಾರವಾರದಲ್ಲಿ ಇಂಥ ಕೂಟ ಮಾಡಿದರೆ ಕೈಗಾ ಬರದೇ ಇರುತ್ತದೆಯೇ? ಹೊಸದಾಗಿ ಬಂದವರೆಲ್ಲ ಕಾಳಿ ನದಿಯಲ್ಲಿ ಎರಡು ತಲೆಯ ಮೀನು ಹುಟ್ಟಿಸುತ್ತಿದ್ದರು, ಇಲ್ಲವೇ ಸ್ಥಾವರವನ್ನು ಬಾಂಬಿನ ಹಾಗೆ ಸಿಡಿಸುತ್ತಿದ್ದರು. ಮಲ್ಲಾಪುರದ ಟೌನ್‌ಶಿಪ್ಪಿನಿಂದ ಬರುತ್ತಿದ್ದವನಿಗೆ ಇದನ್ನು ಕೇಳಿ ಕೇಳಿ ರೋಸಿಹೋಗಿತ್ತು. ಅಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ, ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ, ಅದರಿಂದ ಬಾಂಬಿನಂತೆ ಸ್ಫೋಟ ಆಗಲಾರದು ಎಂದು ಪ್ರತಿ ಸಲ ಹೇಳುತ್ತಿದ್ದ. "ಸ್ಫೋಟ ಬೇಡ, ಸೋರಿಕೆ?" ಎಂದು ಯಲ್ಲಾಪುರದವನು ಕೇಳುತ್ತಿದ್ದ. ಅದು ಬೇರೆಯೇ ಪ್ರಶ್ನೆ. ಸರ್ ಕೂಡ ಅದನ್ನು ತಮಾಷೆ ಮಾಡಲು ಬಿಡುತ್ತಿರಲಿಲ್ಲ. ಹಾಗಾಗಿ ಎರಡು ತಲೆಯ ಮೀನಿಗೆ ನಮ್ಮಲ್ಲಿ ಕಾಯಂ ನಿಷೇಧ.

ಆ ಮಲ್ಲಾಪುರದವನೇ ಒಂದು ಸಲ ಕಾರವಾರದಲ್ಲಿ ಒಂದು ನಿಮಿಷ ಗುರುತ್ವವನ್ನೇ ನಿಲ್ಲಿಸಿಬಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ರಾಕೆಟ್ ವೇಗದಲ್ಲಿ ಮೇಲಕ್ಕೆ ಹಾರಿದರು ಎಂದ. ಸರ್ ತೆಂಗಿನ ಗರಿಯ ಕಡ್ಡಿ ಹಿಡಿದು ಮರಳಿನ ಮೇಲೆ ಲೆಕ್ಕ ಶುರು ಮಾಡಿದರು. ಭೂಮಿ ತಿರುಗುವುದರಿಂದ ಕಾರವಾರ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಲೇ ಇದೆ. ಗುರುತ್ವ ಇಲ್ಲದಿದ್ದರೆ ನಾವು ನೇರಕ್ಕೆ ಹೋಗುತ್ತೇವೆ, ಕೆಳಗಿನ ನೆಲ ಮಾತ್ರ ಬಾಗುತ್ತ ಹೋಗುತ್ತದೆ. ಗಾಳಿ, ನೀರಿನ ಗೊಡವೆ ಸದ್ಯಕ್ಕೆ ಬೇಡ ಎಂದರು. ಲೆಕ್ಕ ಬಂತು. ಮೊದಲ ಸೆಕೆಂಡಿನಲ್ಲಿ ನೆಲದಿಂದ ಏಳುವುದು ಬರೀ ಒಂದೂವರೆ ಸೆಂಟಿಮೀಟರ್! ಹತ್ತು ಸೆಕೆಂಡಿಗೆ ಒಂದೂವರೆ ಮೀಟರ್ ಚಿಲ್ಲರೆ. ನಿಮಿಷ ತುಂಬುವಾಗ ಸುಮಾರು 57 ಮೀಟರ್.

ನಮಗೆಲ್ಲ ಖುಷಿಯೋ ಖುಷಿ. ರಾಕೆಟ್ಟೂ ಇಲ್ಲ, ಏನೂ ಇಲ್ಲ. ಜನ ಚೀಲ ಹಿಡಿದುಕೊಂಡು ಮೆಲ್ಲಗೆ ಏಳುತ್ತಾರೆ. ಮೈ ಒಮ್ಮೆಲೇ ಹಗುರಾಗುತ್ತದೆ, ಆದರೆ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಏಳುವುದು ಗೇಣುದ್ದವೂ ಇಲ್ಲ. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಇರುತ್ತಾನೆ. ನನ್ನ ಪ್ರಕಾರ ಇದು ಅವನ ಕತೆಗಿಂತ ಎಷ್ಟೋ ಚೆನ್ನಾಗಿತ್ತು. ಲೆಕ್ಕ ಮಾಡಿದರೆ ಕತೆ ಕೆಡುತ್ತದೆ ಎನ್ನುವವರು ಆ ಶನಿವಾರ ಅಲ್ಲಿರಬೇಕಿತ್ತು. ಆದರೆ ನಿಮಿಷ ಮುಗಿದು ಗುರುತ್ವ ಮರಳಿ ಬಂದಾಗ 57 ಮೀಟರ್ ಮೇಲಿದ್ದವರನ್ನು ಅವನು ಮೆಲ್ಲಗೆ ಮರಳಿನ ಮೇಲೆ ಇಳಿಸಿಬಿಟ್ಟ. ಎರಡನೇ ಸುಳ್ಳು.

ಅಂಕೋಲಾದವನಿಗೆ ಯಕ್ಷಗಾನದ ಹುಚ್ಚು. ಎದ್ದು ನಿಂತು ಅರ್ಥಧಾರಿಯ ಠೀವಿಯಲ್ಲೇ ಕತೆ ಹೇಳುತ್ತಿದ್ದ. ಅವನು ತಂದದ್ದು ಭಾಗವತದ ಕಕುದ್ಮಿಯ ಕತೆ. ಮಗಳು ರೇವತಿಗೆ ವರ ಯಾರೆಂದು ಕೇಳಲು ರಾಜ ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಸಂಗೀತ ನಡೆದಿರುತ್ತದೆ. ಮುಗಿಯಲಿ ಎಂದು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದುಹೋಗಿರುತ್ತದೆ. ಇವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳ ಮೊಮ್ಮಕ್ಕಳೂ ಉಳಿದಿಲ್ಲ. ಕೊನೆಗೆ ರೇವತಿಗೆ ಬಲರಾಮನ ಜೊತೆ ಮದುವೆಯಾಗುತ್ತದೆ. "ನೋಡಿ, ಐನ್‌ಸ್ಟೈನ್ ಹೇಳಿದ್ದು ನಮ್ಮವರಿಗೆ ಆಗಲೇ ಗೊತ್ತಿತ್ತು!" ಎಂದು ಮುಗಿಸಿದ.

ಒಂದು ಚತುರ್ಯುಗ ಎಂದರೆ 43,20,000 ವರ್ಷ. 27 ಎಂದರೆ ಹನ್ನೊಂದೂವರೆ ಕೋಟಿಗೂ ಮೇಲೆ. ಸಂಗೀತ ಒಂದು ಗಂಟೆ ನಡೆಯಿತು ಅಂತಿಟ್ಟುಕೊಂಡರೆ ಕಾಲ ಅಲ್ಲಿ ಸುಮಾರು ಲಕ್ಷ ಕೋಟಿ ಪಟ್ಟು ನಿಧಾನವಾಗಬೇಕು. ಐನ್‌ಸ್ಟೈನ್ ಪ್ರಕಾರ ವೇಗ ಹೆಚ್ಚಿದಷ್ಟೂ ಕಾಲ ನಿಧಾನವಾಗುತ್ತದೆ, ಆದರೆ ಬೆಳಕಿನ ವೇಗದ ಶೇಕಡಾ 99ರಲ್ಲಿ ಹೋದರೂ ಸಿಗುವುದು ಏಳು ಪಟ್ಟು. ಅದೂ ಅಲ್ಲದೆ ರಾಜ ಅಲ್ಲಿ ಕೂತಿದ್ದಾನೆ, ಓಡುತ್ತಿಲ್ಲ. ಗುರುತ್ವ ಜಾಸ್ತಿಯಿರುವ ಕಡೆಯೂ ಕಾಲ ನಿಧಾನವಾಗುತ್ತದೆ ಎಂದು ಸರ್ ದಾರಿ ತೋರಿಸಿದರು. ಬ್ರಹ್ಮಲೋಕವನ್ನು ಕಪ್ಪುರಂಧ್ರದ ಪಕ್ಕ ಕೂರಿಸಿ ನೋಡಿದೆವು. ಕತೆಯ ಮಟ್ಟಿಗೆ ಬ್ರಹ್ಮಲೋಕ ಒಂದೇ ಸುಳ್ಳು, ಅದು ಪಾಸಾಯಿತು. ಐನ್‌ಸ್ಟೈನ್ ಮಾತು ಮಾತ್ರ ಎರಡನೆಯದು ಎಂದು ಬಹುಮತದ ತೀರ್ಪು. ಈಗಲೂ ನಾನು ಆ ತೀರ್ಪಿನ ಕಡೆಯೇ. ಕತೆ ಕಟ್ಟಿದವರ ಕಲ್ಪನೆಗೆ ಬೇರೆ ಸರ್ಟಿಫಿಕೇಟು ಯಾಕೆ?

2008ರ ನವೆಂಬರ್ 14, ಶುಕ್ರವಾರ ರಾತ್ರಿ ಚಂದ್ರಯಾನ-1ರಿಂದ ಬಿಡಿಸಿಕೊಂಡ ಪೆಟ್ಟಿಗೆಯೊಂದು ತ್ರಿವರ್ಣ ಹೊತ್ತು ಚಂದ್ರನ ದಕ್ಷಿಣ ಧ್ರುವದ ಹತ್ತಿರ ಅಪ್ಪಳಿಸಿತು. ಮರುದಿನದ ಕೂಟದಲ್ಲಿ ಯಾರಿಗೂ ಸುಳ್ಳು ಬೇಕಾಗಲಿಲ್ಲ. ಶೇಂಗಾ ತಿಂದು ಎದ್ದೆವು.

ನಮ್ಮ ಕಡೆಯ ವರ್ಷ, ಪರೀಕ್ಷೆಗೆ ಮುಂಚೆ, ಎಲ್ಲರೂ ಸೇರಿ ಸರ್ ಅವರೇ ಕತೆ ಹೇಳಬೇಕೆಂದು ಹಟ ಹಿಡಿದೆವು. ಅವರು ವಾಯೇಜರ್ ಆರಿಸಿಕೊಂಡರು. 1977ರಲ್ಲಿ ಹೊರಟ ಆ ಎರಡು ಬಾಹ್ಯಾಕಾಶ ನೌಕೆಗಳಲ್ಲಿ, ದಾರಿಯಲ್ಲಿ ಸಿಕ್ಕವರು ಕೇಳಲಿ ಎಂದು ಇಟ್ಟ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ. ಕನ್ನಡವೂ ಒಂದು. ನಾವು ಕನ್ನಡದವರು ಎದೆಯುಬ್ಬಿಸಿದೆವು. ಮನೆಯಲ್ಲಿ ಕೊಂಕಣಿ ಮಾತಾಡುವ ಸದಾಶಿವಗಡದವಳು ಮಾತ್ರ, "ನಿಮ್ಮದು ಒಂದು ಸಾಲು. ಗೋವಾದ ಕೇರಿ ಊರಿನ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಪೂರ್ತಿ ಇದೆ" ಎಂದು ಗಾಳಿ ತೆಗೆದಳು.

ಸರ್ ಅವರ ಸುಳ್ಳು ಇದು: ದಾರಿಯಲ್ಲಿ ಯಾರೋ ವಾಯೇಜರನ್ನು ಹಿಡಿಯುತ್ತಾರೆ. ಉಳಿದದ್ದೆಲ್ಲ ಅಚ್ಚುಕಟ್ಟು. ವಾಯೇಜರ್-1ರ ವೇಗ ಸೆಕೆಂಡಿಗೆ 17 ಕಿಲೋಮೀಟರ್, ಹತ್ತಿರದ ನಕ್ಷತ್ರದಷ್ಟು ದೂರ ಹೋಗಲೂ 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ಆದ್ದರಿಂದ ಹಿಡಿಯುವವರು ತಾವಾಗಿ ಇತ್ತ ಬಂದಿರುತ್ತಾರೆ. ನೌಕೆ ಆಗ ಇದ್ದ ದೂರದಿಂದ ಅವರ ರೇಡಿಯೋ ಉತ್ತರ ಇಲ್ಲಿಗೆ ಬರಲು ಹದಿನಾಲ್ಕು ಗಂಟೆಗೂ ಮೇಲೆ. ಎಲ್ಲೂ ಸಂದಿಯೇ ಸಿಗಲಿಲ್ಲ. ಕೊನೆಗೆ ರೇಡಿಯೋ ಗೊರಗೊರ ಎಂದು, ಅಚ್ಚ ಕನ್ನಡದಲ್ಲಿ "ಊಟ ಆಯ್ತಾ?" ಎಂದು ಕೇಳಿತು.

ನಾವು ಚಪ್ಪಾಳೆ ತಟ್ಟಿದೆವು. ಅವತ್ತು ಅಪರೂಪಕ್ಕೆ ಬಂದಿದ್ದ ಲೈಬ್ರರಿಯ ಅಕ್ಕೋರು ತಟ್ಟಲಿಲ್ಲ. "ಸರ್, ತಟ್ಟೆಯಲ್ಲಿ ಇರುವುದು ನಮಸ್ತೆ, ಶುಭಾಶಯ ಅಷ್ಟೇ ಅಲ್ವಾ? ಅವರಿಗೆ 'ಊಟ' ಯಾರು ಕಲಿಸಿದರು?"

ಸರ್ ಕಡ್ಡಿ ಹಿಡಿದು ಮರಳಿನ ಮೇಲೆ ಏನೋ ಗೀಚಿದರು, ಅಳಿಸಿದರು. ಆಮೇಲೆ ಎದ್ದು ಎಲ್ಲರಿಗೂ ಬನ್ಸ್-ಭಾಜಿ ಹೇಳಿದರು. ಚಹಾದ ದುಡ್ಡು ಮಾತ್ರ ಕೊಡಲೇ ಇಲ್ಲ. ನಿಯಮದಲ್ಲಿ ಚಹಾ ಇಲ್ಲ ಎಂದು ಕೊನೆವರೆಗೂ ವಾದ ಮಾಡಿದರು.