ಆರು ತಿಂಗಳೊಳಗಿನ ಕೂಸಿಗೆ ಶುಗರ್ ಬಂದರೆ

ಹುಟ್ಟಿದ ಆರು ತಿಂಗಳೊಳಗೆ ಕೂಸಿಗೆ ಡಯಾಬಿಟಿಸ್ ಕಂಡರೆ ಟೈಪ್ 1 ಎಂದು ಬರೆದು, ಇನ್ಸುಲಿನ್ ಶುರುಮಾಡಿ, ಅಲ್ಲಿಗೇ ಬಿಡಬಾರದು. ಆ ವಯಸ್ಸಿನಲ್ಲಿ ಟೈಪ್ 1 ಬಲು ಅಪರೂಪ. ಹೆಚ್ಚಾಗಿ ಯಾವುದೋ ಒಂದೇ ಜೀನ್ ಕೆಟ್ಟಿರುತ್ತದೆ; ಅನೇಕ ಸಲ ಅದು ಇನ್ಸುಲಿನ್ ತಯಾರಿಸುವ ಬೀಟಾ ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ಚಾನೆಲ್‌ನ ಜೀನ್.

ಈ ಚಾನೆಲ್‌ಗೆ ಎಂಟು ಪ್ರೋಟೀನ್ ತುಂಡುಗಳು: ನಡುವೆ ರಂಧ್ರ ಕಟ್ಟುವ ನಾಲ್ಕು ಕಿರ್ 6.2, ಸುತ್ತ ನಾಲ್ಕು ಸರ್ 1. ಹೊಟ್ಟೆ ಖಾಲಿಯಿದ್ದಾಗ ಅದು ತೆರೆದಿದ್ದು ಪೊಟ್ಯಾಸಿಯಂ ಹೊರಗೆ ಹರಿಯುತ್ತಿರುತ್ತದೆ. ಪೊರೆಯ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್ ಆಸುಪಾಸು. ಹಾಲು ಕುಡಿದ ಮೇಲೆ ಗ್ಲೂಕೋಸ್ ಕೋಶದೊಳಗೆ ಒಡೆದು, ಕೋಶದ ಇಂಧನವಾದ ಎಟಿಪಿ ಹೆಚ್ಚುತ್ತದೆ, ಎಟಿಪಿ ಕಿರ್ 6.2ಕ್ಕೆ ಅಂಟಿ ಚಾನೆಲ್ ಮುಚ್ಚುತ್ತದೆ. ವೋಲ್ಟೇಜ್ ಏರಿ ಕ್ಯಾಲ್ಸಿಯಂ ಚಾನೆಲ್ ತೆರೆದುಕೊಂಡಾಗಲೇ ಇನ್ಸುಲಿನ್ ಹೊರಬೀಳುವುದು. ಕೆಸಿಎನ್‌ಜೆ11 ಅಥವಾ ಎಬಿಸಿಸಿ8 (ಕ್ರಮವಾಗಿ ಕಿರ್ 6.2, ಸರ್ 1 ತುಂಡುಗಳ) ಜೀನ್ ಕೆಟ್ಟರೆ ಚಾನೆಲ್ ಸರಿಯಾಗಿ ಮುಚ್ಚುವುದೇ ಇಲ್ಲ. ಕೋಶದೊಳಗೆ ಇನ್ಸುಲಿನ್ ಇದ್ದೂ ರಕ್ತಕ್ಕೆ ಬರುವುದಿಲ್ಲ. ತಂದೆತಾಯಿಗೆ ಶುಗರ್ ಇಲ್ಲದಿರುವುದೇ ಹೆಚ್ಚು, ಏಕೆಂದರೆ ಬಹುಪಾಲು ಮಕ್ಕಳಲ್ಲಿ ಜೀನ್‌ನ ಈ ದೋಷ ಹೊಸದು, ತಂದೆತಾಯಿಯಿಂದ ಬಂದದ್ದಲ್ಲ.

ಟೈಪ್ 2ಗೆ ದಶಕಗಳಿಂದ ಕೊಡುತ್ತಿರುವ ಅಗ್ಗದ ಗ್ಲೈಬೆನ್‌ಕ್ಲಮೈಡ್ ಸರ್ 1ಕ್ಕೆ ಅಂಟಿ, ಎಟಿಪಿಯ ಹಂಗಿಲ್ಲದೆ ಚಾನೆಲ್ ಮುಚ್ಚಿಸುತ್ತದೆ. ಕಿರ್ 6.2 ದೋಷ ಪತ್ತೆಯಾದದ್ದು 2004ರಲ್ಲಿ. 2006ರ ಅಧ್ಯಯನದಲ್ಲಿ ಈ ದೋಷವಿದ್ದ 49 ಮಂದಿಯಲ್ಲಿ 44 ಮಂದಿ ಇನ್ಸುಲಿನ್ ಬಿಟ್ಟು ಮಾತ್ರೆಗೆ ಬಂದರು.

ಇನ್ಸುಲಿನ್ ಬಿಟ್ಟು ಮಾತ್ರೆಗೆ ಬರುವುದು ಆಸ್ಪತ್ರೆಯಲ್ಲೇ, ತಜ್ಞರ ಕಣ್ಣೆದುರು ಆಗಬೇಕು. ಸಾಮಾನ್ಯವಾಗಿ ಕೆಜಿಗೆ 0.1 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಶುರು. ಶುಗರ್ ನೋಡುತ್ತ ಮಾತ್ರೆ ಏರಿಸಿ ಇನ್ಸುಲಿನ್ ಇಳಿಸುತ್ತಾರೆ. ಇಳಿಸಲು ತಡಮಾಡಿದರೆ ಲೋ ಶುಗರ್. ಹೆಚ್ಚು ಎಡವುವುದು ಡೋಸ್‌ನಲ್ಲೇ: ಕೆಲವರಿಗೆ ದಿನಕ್ಕೆ ಕೆಜಿಗೆ 1 ಮಿಲಿಗ್ರಾಂವರೆಗೂ ಬೇಕಾಗುತ್ತದೆ, ದೊಡ್ಡವರ ಟೈಪ್ 2 ಡೋಸ್‌ಗಿಂತ ಎಷ್ಟೋ ಹೆಚ್ಚು. ಅರ್ಧಕ್ಕೇ ನಿಲ್ಲಿಸಿ ‘ಮಾತ್ರೆ ಹಿಡಿಯಲಿಲ್ಲ’ ಎಂದುಬಿಡುತ್ತಾರೆ.

ಅದಕ್ಕೂ ಮುಂಚಿನ ಎಡವಟ್ಟುಗಳೂ ಇವೆ. ಇನ್ಸುಲಿನ್ ಸಾಲದೆ ಕೊಬ್ಬು ಒಡೆದು ಹುಟ್ಟುವ ಕೀಟೋನ್ ಏರಿ ಕೂಸು ಏದುಸಿರು ಬಿಟ್ಟರೆ ನ್ಯುಮೋನಿಯಾ ಎಂದುಕೊಳ್ಳುವುದುಂಟು. ಒಂದು ಹನಿ ರಕ್ತದಲ್ಲಿ ಗ್ಲುಕೋಮೀಟರ್ ಹೇಳಿಬಿಡುತ್ತದೆ. ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ನಂಬುವಂತಿಲ್ಲ, ಎಳೆಗೂಸಿನ ರಕ್ತದಲ್ಲಿ ಗರ್ಭಕಾಲದ ಹಿಮೋಗ್ಲೋಬಿನ್ ಇನ್ನೂ ಉಳಿದಿರುತ್ತದೆ.

ಇದೇ ಚಾನೆಲ್ ಮಿದುಳಿನಲ್ಲೂ ಇರುವುದರಿಂದ ಕೆಲವು ಮಕ್ಕಳಿಗೆ ಬೆಳವಣಿಗೆ ಹಿಂದುಳಿಯುವುದು, ಫಿಟ್ಸ್ ಜೊತೆಗೂಡುತ್ತವೆ. ಮಾತ್ರೆ ಅಲ್ಲಿ ಅಷ್ಟಾಗಿ ನಾಟದು, ಆದರೂ ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಹಾಗೆಂದು ಇನ್ಸುಲಿನ್ ಅನ್ನು ಮನೆಯಲ್ಲೇ ನಿಲ್ಲಿಸಿ ಜೀನ್ ಪರೀಕ್ಷೆಯ ವರದಿಗೆ ಕಾಯಬಾರದು.