ಮ್ಯಾಪಿನಲ್ಲಿದ್ದ ಆ ಬಾಕ್ಸ್ ಯಾರದ್ದು?

ಪುಣೆ ಹತ್ತಿರದ ಭೋಸರಿಯಲ್ಲಿ ಒಬ್ಬರು ಸಣ್ಣ ವರ್ಕ್‌ಶಾಪ್ ನಡೆಸುತ್ತಾರೆ. ಊರು ನಿಪ್ಪಾಣಿ ಕಡೆ. ನಾಲ್ಕು ಲೇತ್, ಎರಡು ಸಿಎನ್‌ಸಿ ಮಷಿನ್, ಒಂಬತ್ತು ಜನ ಕೆಲಸಗಾರರು. ನಾನು ಕೆಲಸ ಮಾಡುವ ಚಾಕಣ್‌ನ ಕಂಪನಿಗೆ ಅವರು ಬುಶ್ ಮತ್ತು ಪಿನ್ ಮಾಡಿಕೊಡುತ್ತಾರೆ. ಪುಣೆಯ ಕನ್ನಡ ಸಂಘದಲ್ಲಿ ಒಂದು ರಾಜ್ಯೋತ್ಸವದ ದಿನ ಪರಿಚಯವಾಗಿತ್ತು. 2024ರ ಫೆಬ್ರವರಿಯಲ್ಲಿ ಅವರು ಫೋನ್ ಮಾಡಿದರು.

"ಸರ್, ತಪ್ಪು ತಿಳ್ಕೋಬ್ಯಾಡ್ರಿ. ನವೆಂಬರ್ ಬಿಲ್ಲಿನ ರೊಕ್ಕ ಇನ್ನೂ ಬಂದಿಲ್ರೀ. ಯಾರಿಗೆ ಕೇಳ್ಬೇಕಂತ ತಿಳೀವಲ್ದು. ಪರ್ಚೇಸ್‌ನವ್ರು ಅಕೌಂಟ್ಸ್ ಅಂತಾರ, ಅಕೌಂಟ್ಸ್‌ನವ್ರು ಸ್ಟೋರ್ಸ್ ಅಂತಾರ. ಈ ಕೆಲಸದ್ದೆಲ್ಲಾ ನಕ್ಷಾ ತಗಿಯೋರು ನೀವ ಅಲ್ರೀ? ನಿಮ್ಗ ಗೊತ್ತಿರ್ಬೇಕು."

ಹೌದು, ನಕ್ಷೆ ತೆಗೆಯುವುದು ನನ್ನ ಕೆಲಸ. ಕಂಪನಿಯಲ್ಲಿ ಒಂದು ಕೆಲಸ ಎಲ್ಲಿ ಶುರುವಾಗುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಬಾಕ್ಸ್ ಮತ್ತು ಬಾಣಗಳಲ್ಲಿ ಬರೆಯುತ್ತೇನೆ. ಖರೀದಿಯಿಂದ ಪೇಮೆಂಟ್‌ವರೆಗಿನ ಮ್ಯಾಪ್‌ನಲ್ಲಿ 46 ಬಾಕ್ಸ್ ಇದ್ದವು. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಆಗಿ ಮೀಟಿಂಗ್ ರೂಮಿನ ಗೋಡೆ ಮೇಲೂ ಇತ್ತು. ಫೋನ್ ಇಟ್ಟ ಮೇಲೆ ಅದರ ಮುಂದೆ ನಿಂತೆ. ಬಿಲ್ ಎಲ್ಲಿ ಹೋಗುತ್ತದೆ ಎಂದು ತಿಳಿಯಿತು. ಎಲ್ಲಿ ನಿಂತಿದೆ, ನಿಂತರೆ ಯಾರನ್ನು ಕೇಳಬೇಕು ಎಂದು ಆ 46 ಬಾಕ್ಸ್‌ಗಳಲ್ಲಿ ಒಂದೂ ಹೇಳಲಿಲ್ಲ.

ಆ ಸಂಜೆಯಿಂದ ಕಲಿತದ್ದನ್ನು ಬರೆಯುತ್ತಿದ್ದೇನೆ. ಇದೇ ಕೆಲಸ ಮಾಡುವ ಯಾರಿಗಾದರೂ ಉಪಯೋಗವಾಗಬಹುದು.

ಮೊದಲು ಕಾನೂನಿನ ಮಾತು, ಏಕೆಂದರೆ ಗಂಟು ಇರುವುದು ಅಲ್ಲೇ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ತೆಗೆದುಕೊಂಡರೆ 45 ದಿನದೊಳಗೆ ಹಣ ಕೊಡಬೇಕು. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನವಷ್ಟೇ. ಆರ್ಡರ್‌ನಲ್ಲಿ 90 ದಿನ ಎಂದು ಬರೆದುಕೊಂಡಿದ್ದರೂ 45 ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆಗ ಬ್ಯಾಂಕ್ ರೇಟ್ 6.75 ಶೇಕಡಾ ಇತ್ತು. ಮೂರು ಪಟ್ಟು ಅಂದರೆ 20.25. ಇದರ ಮೇಲೆ 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿತು. ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಆ ವರ್ಷದ ಖರ್ಚು ಎಂದು ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲೇ ತೋರಿಸಬೇಕು. ಇದು ಮೊದಲು ತಟ್ಟಿದ್ದು 2024ರ ಮಾರ್ಚ್ 31ರ ಲೆಕ್ಕಕ್ಕೆ. ಹಾಗಾಗಿ ಆ ಫೆಬ್ರವರಿಯಲ್ಲಿ ನಮ್ಮ ಅಕೌಂಟ್ಸ್‌ನವರಿಗೂ ಇದೇ ತಲೆನೋವು ಶುರುವಾಗಿತ್ತು. ಸಣ್ಣ ವೆಂಡರ್‌ಗಳ ಪಟ್ಟಿ ಕೊಡಿ ಎಂದು ಆಡಿಟರ್ ಕೇಳಿದ್ದರು. ಪಟ್ಟಿ ಯಾರ ಹತ್ತಿರವೂ ಇರಲಿಲ್ಲ.

ನಿಪ್ಪಾಣಿಯವರು ತಮ್ಮ ಉದ್ಯಮ್ ಸರ್ಟಿಫಿಕೇಟನ್ನು (ಸಣ್ಣ ಉದ್ದಿಮೆ ಎಂಬ ಸರ್ಕಾರಿ ನೋಂದಣಿ ಪತ್ರ) 2021ರಲ್ಲೇ ಇಮೇಲ್‌ನಲ್ಲಿ ಕಳಿಸಿದ್ದರು. ಪರ್ಚೇಸ್‌ನ ಹುಡುಗನೊಬ್ಬ ಅದನ್ನು ಒಂದು ಫೋಲ್ಡರ್‌ಗೆ ಹಾಕಿಟ್ಟು, ಮುಂದಿನ ವರ್ಷ ಕೆಲಸ ಬಿಟ್ಟು ಹೋಗಿದ್ದ. ಈಆರ್‌ಪಿಯಲ್ಲಿ, ಅಂದರೆ ಖರೀದಿ, ಲೆಕ್ಕ ಎಲ್ಲಾ ಇರುವ ಕಂಪನಿಯ ಸಾಫ್ಟ್‌ವೇರ್‌ನಲ್ಲಿ, ಉದ್ಯಮ್ ನಂಬರಿನ ಜಾಗ ಖಾಲಿ ಇತ್ತು. ಜಾಗ ಖಾಲಿ ಇದ್ದವರಿಗೆಲ್ಲ ಸಿಸ್ಟಂ ತಾನಾಗಿಯೇ 90 ದಿನ ಹಾಕುತ್ತಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಪ್ರತಿ ತಿಂಗಳು ಏಳನೇ ತಾರೀಕಿಗೆ ಒಂಬತ್ತು ಜನರಿಗೆ ಪಗಾರ ಕೊಡಬೇಕಾದ ಮನುಷ್ಯನಿಗೆ ಅದರಿಂದ ಏನು ಸಮಾಧಾನ, ಹೇಳಿ?

ನನ್ನ ಮ್ಯಾಪ್‌ನಲ್ಲಿ "ವೆಂಡರ್ ಮಾಹಿತಿ ದಾಖಲಿಸು" ಎಂಬ ಬಾಕ್ಸ್ ಇತ್ತು. ಪರ್ಚೇಸ್ ಎಂಬ ಲೇನ್‌ನಲ್ಲಿ, ಅಂದರೆ ಮ್ಯಾಪ್‌ನಲ್ಲಿ ಆ ಇಲಾಖೆಗೆ ಮೀಸಲಾದ ಸಾಲಿನಲ್ಲಿ, ಕೂತಿತ್ತು. ಅಷ್ಟು ಸಾಕು ಎಂದು ನಾನು ಅಂದುಕೊಂಡಿದ್ದೆ. ಮ್ಯಾಪ್ ಬರೆಯಲು ನಾವು ಬಳಸುವುದು ಬಿಪಿಎಂಎನ್ ಎಂಬ ಗುರುತುಗಳ ಪದ್ಧತಿ. ಅದರ ಎರಡನೇ ಆವೃತ್ತಿ 2011ರಲ್ಲಿ ಬಂತು, 2013ರಲ್ಲಿ ಐಎಸ್‌ಒ ಮಾನದಂಡವೂ ಆಯಿತು. ಅದರಲ್ಲಿ ಕೆಲಸಕ್ಕೆ, ತೀರ್ಮಾನಕ್ಕೆ, ಸಮಯಕ್ಕೆ, ಸಂದೇಶಕ್ಕೆ ಎಲ್ಲಕ್ಕೂ ಗುರುತು ಇವೆ. ಈ ಹೆಜ್ಜೆಗೆ ಉತ್ತರ ಕೊಡುವವರು ಯಾರು, ಇದನ್ನು ಯಾವ ನಿಯಮ ಕಟ್ಟಿಹಾಕಿದೆ ಎಂದು ಹೇಳುವ ಗುರುತು ಇಲ್ಲ. ಲೇನ್ ಹೇಳುವುದು ಕೆಲಸ ಯಾರ ಕೈಲಿ ನಡೆಯುತ್ತದೆ ಎಂದು ಮಾತ್ರ. ಉಳಿದದ್ದನ್ನು ಬರೆಯುವವರೇ ಸೇರಿಸಬೇಕು. ನಾನು ಸೇರಿಸಿರಲಿಲ್ಲ.

ನಮ್ಮ ತುಮಕೂರು ಕಡೆ ಕೆರೆಗೆ ನೀರಗಂಟಿ ಇರುತ್ತಿದ್ದರು. ಗದ್ದೆಗೆ ನೀರು ಹಾಯಿಸಿಕೊಳ್ಳುವವರು ಹಲವರು. ತೂಬು ತೆಗೆಯುವುದು, ಮುಚ್ಚುವುದು ಒಬ್ಬರ ಕೈಲಿ. ಕೊನೆಯ ಗದ್ದೆಗೆ ನೀರು ಹತ್ತಲಿಲ್ಲ ಅಂದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ನನ್ನ ಮ್ಯಾಪ್‌ನಲ್ಲಿ ಕಾಲುವೆಗಳಿದ್ದವು, ನೀರಗಂಟಿ ಇರಲಿಲ್ಲ.

ಬಿಲ್ಲಿನ ಬೆನ್ನು ಹತ್ತಿ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. ನನಗೆ ಎಲ್ಲಕ್ಕಿಂತ ಜಾಸ್ತಿ ಪಾಠ ಕಲಿಸಿದ್ದು ಇದೇ. 45 ದಿನ ಅಂದರೆ ಯಾವತ್ತಿನಿಂದ ಎಣಿಸಬೇಕು? ಮೂರು ಇಲಾಖೆಗಳಲ್ಲಿ ಕೇಳಿದೆ, ಮೂರು ಉತ್ತರ ಬಂತು. ಸೆಕ್ಯುರಿಟಿಯವರ ಗೇಟ್ ರಿಜಿಸ್ಟರಿನಲ್ಲಿ ಮಾಲು ಬಂದ ದಿನ ಇದೆ. ಸ್ಟೋರ್ಸ್‌ನವರು ಎಣಿಸಿ ಜಿಆರ್‌ಎನ್ (ಮಾಲು ಸ್ವೀಕರಿಸಿದ ಚೀಟಿ) ಮಾಡುವುದು ಅದಾದ ಎರಡು ಮೂರು ದಿನಕ್ಕೆ, ಕ್ವಾಲಿಟಿ ತಪಾಸಣೆ ಇದ್ದರೆ ವಾರವೂ ಆಗುತ್ತದೆ. ಅಕೌಂಟ್ಸ್‌ನವರು ಬಿಲ್ಲನ್ನು ಸಿಸ್ಟಂನಲ್ಲಿ ಏರಿಸುವುದು ಇನ್ನೂ ತಡ. ಪೇಮೆಂಟಿನ ಗಡಿಯಾರ ಶುರುವಾಗುತ್ತಿದ್ದದ್ದು ಈ ಕೊನೆಯ ದಿನದಿಂದ. ಕಾಯ್ದೆ ಹೇಳುವುದು ಬೇರೆ. ಮಾಲು ತಲುಪಿದ ದಿನವೇ ಲೆಕ್ಕ. ಮಾಲು ಸರಿಯಿಲ್ಲ ಎಂದು 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಮಾಡಿದ್ದರೆ ಮಾತ್ರ, ಆ ತಕರಾರು ಬಗೆಹರಿದ ದಿನದಿಂದ ಎಣಿಸಬೇಕು. ಅಂದರೆ ನಾವು "45 ದಿನದಲ್ಲಿ ಕೊಟ್ಟಿದ್ದೇವೆ" ಎಂದು ನಂಬಿದ್ದ ಎಷ್ಟೋ ಬಿಲ್‌ಗಳು ನಿಜಕ್ಕೂ 55, 60 ದಿನ ಆಗಿದ್ದವು. ಮೂರೂ ಇಲಾಖೆಯವರು ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಮೂರು ತಾರೀಕುಗಳಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ ಎಂದು ಹೇಳುವ ಕೆಲಸ ಮಾತ್ರ ಯಾರ ತಲೆ ಮೇಲೂ ಇರಲಿಲ್ಲ.

ಅಕೌಂಟ್ಸ್‌ನಲ್ಲಿ ವಿಜಯಪುರದವರೊಬ್ಬರು ಇದ್ದಾರೆ. ಆಫೀಸಿನಲ್ಲಿ ಮೇಡಂ, ಊಟದ ಹೊತ್ತಿಗೆ ಅಕ್ಕ. ಆ ಮಾರ್ಚ್‌ನಲ್ಲಿ ಮೂರು ಎಕ್ಸೆಲ್ ಫೈಲ್ ಇಟ್ಟುಕೊಂಡು ರಾತ್ರಿ ಒಂಬತ್ತರವರೆಗೆ ಕೂತು ವೆಂಡರ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಪಟ್ಟಿ ಕಟ್ಟಿದವರು ಅವರೇ. ಒಂದು ದಿನ ಡಬ್ಬಿ ತೆರೆಯುತ್ತಾ ಹೇಳಿದರು: "ತಮ್ಮಾ, ನಿನ್ನ ನಕ್ಷಾದಾಗ ನನ್ನ ಹೆಸರು ಎಲ್ಲೂ ಇಲ್ಲ. ಆದ್ರ ಕೆಲಸ ಎಲ್ಲಾ ನನ್ನ ಮ್ಯಾಲೇ ಬಂದದ ನೋಡು." ಅದನ್ನು ಕೇಳಿ ನನಗೆ ಬಹಳ ಕೆಟ್ಟದೆನಿಸಿತು. ಒಂದು ಹೆಜ್ಜೆಗೆ ಒಡೆಯರು, ಅಂದರೆ ಉತ್ತರ ಕೊಡುವವರು, ಯಾರೆಂದು ಬರೆಯದಿದ್ದರೆ ಕೆಲಸ ಮಾಯವಾಗುವುದಿಲ್ಲ, ಒಳ್ಳೆಯ ಮನಸ್ಸಿನವರ ಹೆಗಲಿಗೆ ಹೋಗಿ ಬೀಳುತ್ತದೆ.

ಏಪ್ರಿಲ್‌ನಲ್ಲಿ ಮ್ಯಾಪ್ ತಿದ್ದಲು ಕೂತೆವು. ಮೊದಲು ನಾನು ಮಾಡಿದ್ದು ತಪ್ಪು. 46 ಬಾಕ್ಸ್‌ಗೂ ಒಡೆಯರ ಹೆಸರು, ಕಾಯ್ದೆ, ಸೆಕ್ಷನ್, ಫಾರಂ ಎಲ್ಲವನ್ನೂ ಟಿಪ್ಪಣಿಯಾಗಿ ಅಂಟಿಸಿದೆ. ಹಾಳೆ ತುಂಬಿ ಹೋಯಿತು, ಬಾಣಗಳೇ ಕಾಣದಾದವು. ಯಾರೂ ಅದನ್ನು ಓದಲಿಲ್ಲ. ಆಮೇಲೆ ಒಂದು ಪ್ರಶ್ನೆ ಇಟ್ಟುಕೊಂಡೆವು: ಈ ಬಾಕ್ಸ್ ತಪ್ಪಿದರೆ ಹಣ ಹೋಗುತ್ತದಾ, ಅಥವಾ ಸರ್ಕಾರಕ್ಕೆ ಉತ್ತರ ಕೊಡಬೇಕಾಗುತ್ತದಾ? ಹೌದು ಅನ್ನುವ ಬಾಕ್ಸ್‌ಗಳು ಹನ್ನೊಂದೇ ಉಳಿದವು. ಅವುಗಳ ಮೂಲೆಯಲ್ಲಿ ಒಂದು ಸಣ್ಣ ಗುರುತು. ವಿವರ ಎಲ್ಲಾ ಮಾಡೆಲಿಂಗ್ ಟೂಲ್‌ನಲ್ಲಿ ಆ ಬಾಕ್ಸಿನ ಒಳಗೇ, ಬೇರೆ ಬೇರೆ ಕಾಲಂಗಳಲ್ಲಿ. ಉತ್ತರ ಕೊಡುವವರು ಯಾರು, ಅವರು ರಜೆ ಇದ್ದರೆ ಯಾರು, ಯಾವ ನಿಯಮ, ಮಾಡಿದ್ದಕ್ಕೆ ಪುರಾವೆ ಏನು ಮತ್ತು ಎಲ್ಲಿದೆ, ಇದನ್ನು ಕೊನೆಯ ಸಲ ಯಾರು ಯಾವಾಗ ನೋಡಿದರು. ಇನ್ನೊಂದು ಬಾಕ್ಸ್ ಹೊಸದಾಗಿ ಹಾಕಬೇಕಾಯಿತು. 45 ದಿನ ಮೀರಿದ ಬಾಕಿ ಇದ್ದರೆ ಆರು ತಿಂಗಳಿಗೊಮ್ಮೆ, ಏಪ್ರಿಲ್ 30 ಮತ್ತು ಅಕ್ಟೋಬರ್ 31ರೊಳಗೆ, ಎಂಎಸ್‌ಎಂಇ-1 ಫಾರಂ ಸರ್ಕಾರಕ್ಕೆ ಸಲ್ಲಿಸಬೇಕು. ಕಂಪನಿ ಸೆಕ್ರೆಟರಿಯವರು ಅದನ್ನು ಪ್ರತಿ ಸಲ ಕೇಳಿ ಕೇಳಿ ಮಾಡುತ್ತಿದ್ದರು. ಮ್ಯಾಪ್‌ನಲ್ಲಿ ಅದು ಇರಲೇ ಇಲ್ಲ.

ನಿಯಮ ಎಂಬ ಕಾಲಂನಲ್ಲಿ ಸುಮ್ನೆ ಸೆಕ್ಷನ್ ನಂಬರ್ ಬರೆಯಬೇಡಿ. ಏನು ಮಾಡಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಿರಿ, ನಂಬರ್ ಆಮೇಲೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಹಳೆಯ ನಂಬರ್‌ಗಳೆಲ್ಲ ಬದಲಾದವು. ವಾಕ್ಯ ಬರೆದಿದ್ದ ಕಡೆ ನಂಬರ್ ತಿದ್ದಿದರೆ ಮುಗಿಯಿತು. ಬರೀ ನಂಬರ್ ಇದ್ದ ಕಡೆ ಮತ್ತೆ ಮೊದಲಿನಿಂದ ಹುಡುಕಬೇಕಾಯಿತು.

ಒಡೆಯರ ಕಾಲಂನಲ್ಲಿ ಮನುಷ್ಯರ ಹೆಸರು ಹಾಕಬಾರದು, ಹುದ್ದೆ ಹಾಕಬೇಕು. ಪುಣೆಯಲ್ಲಿ ಜನ ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸುತ್ತಾರೆ. ಹಿಂದಿನ ಮ್ಯಾಪಿನ ಕೆಳಗೆ ಇದ್ದ ಹೆಸರಿನವರು ಕಂಪನಿ ಬಿಟ್ಟು ಬಹಳ ದಿನವಾಗಿತ್ತು. ಈ ಹುದ್ದೆಯಲ್ಲಿ ಇವತ್ತು ಯಾರಿದ್ದಾರೆ ಎಂಬ ಪಟ್ಟಿ ಒಂದೇ ಜಾಗದಲ್ಲಿ ಇರಲಿ. ಮತ್ತೆ ಇಲಾಖೆಯ ಹೆಸರನ್ನಂತೂ ಹಾಕಲೇಬೇಡಿ. "ಪರ್ಚೇಸ್" ಫೋನ್ ಎತ್ತುವುದಿಲ್ಲ ಅಲ್ವಾ?

ಕೇಳದೆ ಯಾರನ್ನೂ ಒಡೆಯರನ್ನಾಗಿ ಮಾಡಬಾರದು ಎಂಬುದನ್ನು ಸ್ಟೋರ್ಸ್ ಇನ್‌ಚಾರ್ಜ್ ಕಲಿಸಿದರು. ಮರಾಠಿಯವರು, ಇಪ್ಪತ್ತು ವರ್ಷದ ಅನುಭವ. ಮಾಲು ಬಂದ ತಾರೀಕು ಅವರ ಜವಾಬ್ದಾರಿ ಎಂದು ಬರೆದುಕೊಂಡು ಹೋಗಿದ್ದೆ. ಹಾಳೆ ನೋಡಿ ಕನ್ನಡಕ ತೆಗೆದಿಟ್ಟರು. ಗೇಟ್ ರಿಜಿಸ್ಟರ್ ಸೆಕ್ಯುರಿಟಿಯವರದ್ದು, ಅದರ ಮೇಲೆ ನನಗೆ ಅಧಿಕಾರ ಇಲ್ಲ, ತಪ್ಪಾದರೆ ಬೈಗುಳ ಮಾತ್ರ ನನಗಾ ಎಂದು ಕೇಳಿದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮೂರು ಸಲ ಕೂತು ಮಾತಾಡಿದೆವು. ಕೊನೆಗೆ ಗೇಟಿನ ಎಂಟ್ರಿ ನೇರವಾಗಿ ಈಆರ್‌ಪಿಗೆ ಹೋಗುವಂತೆ ಮಾಡಿ, ಆ ಎಂಟ್ರಿ ಇಲ್ಲದ ಮಾಲಿಗೆ ಜಿಆರ್‌ಎನ್ ಮಾಡದಿರುವ ಅಧಿಕಾರವನ್ನು ಅವರಿಗೆ ಕೊಟ್ಟೆವು. ಆಮೇಲೆ ಅವರೇ ಪೆನ್ ತೆಗೆದುಕೊಂಡು ಸಹಿ ಹಾಕಿದರು. ನಿಲ್ಲಿಸುವ ಹಕ್ಕು ಇಲ್ಲದವರನ್ನು ಒಡೆಯರು ಎಂದು ಬರೆಯುವುದು ಅನ್ಯಾಯ ಎಂದು ನಾನು ನಂಬುತ್ತೇನೆ.

ಉದ್ಯಮ್ ನಂಬರಿನ ಜಾಗಕ್ಕೂ ಹಾಗೇ ಮಾಡಿದೆವು. ಹೊಸ ವೆಂಡರ್ ಕೋಡ್ ತೆರೆಯುವಾಗ ಆ ಜಾಗ ಖಾಲಿ ಬಿಡುವಂತಿಲ್ಲ. ನಂಬರ್ ಹಾಕಬೇಕು, ಅಥವಾ "ಇಲ್ಲ" ಎಂದು ಬರೆಯಬೇಕು. ಖಾಲಿ ಅಂದರೆ ಯಾರೂ ಕೇಳಿಲ್ಲ ಎಂದರ್ಥ. "ಇಲ್ಲ" ಅಂದರೆ ಒಬ್ಬರು ಕೇಳಿದ್ದಾರೆ, ಉತ್ತರ ಸಿಕ್ಕಿದೆ. ಸರ್ಟಿಫಿಕೇಟ್ ನೋಡದೆ ಕೋಡ್ ತೆರೆಯದಿರುವ ಅಧಿಕಾರ ಪರ್ಚೇಸ್‌ನ ಖರೀದಿದಾರರಿಗೆ ಇದೆ. ತಯಾರಕರಾ, ಸೇವೆ ಕೊಡುವವರಾ, ಬರೀ ವ್ಯಾಪಾರಿಯಾ ಎಂದೂ ನೋಡಬೇಕು. ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯ ಲಾಭ ಸಿಗುವುದು ಬ್ಯಾಂಕ್ ಸಾಲದ ವಿಷಯದಲ್ಲಿ ಮಾತ್ರ.

ಇಷ್ಟೆಲ್ಲಾ ಯಾಕೆ ಎಂದು ಕೆಲವರು ಕೇಳಿದ್ದರು. 2025ರ ಏಪ್ರಿಲ್ 1ಕ್ಕೆ ಉತ್ತರ ಸಿಕ್ಕಿತು. ಅವತ್ತಿನಿಂದ ಉದ್ದಿಮೆಗಳ ವರ್ಗೀಕರಣ ಬದಲಾಯಿತು. ಸಣ್ಣ ಉದ್ದಿಮೆ ಅನ್ನಿಸಿಕೊಳ್ಳಲು ಹೂಡಿಕೆಯ ಮಿತಿ 10 ಕೋಟಿಯಿಂದ 25 ಕೋಟಿಗೆ, ವಹಿವಾಟಿನ ಮಿತಿ 50 ಕೋಟಿಯಿಂದ 100 ಕೋಟಿಗೆ ಏರಿತು. ನಿನ್ನೆವರೆಗೆ ಮಧ್ಯಮ ಆಗಿದ್ದ ಕೆಲವರು ಸಣ್ಣ ಉದ್ದಿಮೆಗಳಾದರು, ಅವರಿಗೂ 45 ದಿನದ ನಿಯಮ ಬಂತು. ನಿಯಮದ ಕಾಲಂನಲ್ಲಿ "45 ದಿನ" ಎಂದು ಹುಡುಕಿದೆ. ಮೂರು ಬಾಕ್ಸ್ ಬಂದವು, ಮೂವರು ಒಡೆಯರು. ಅವತ್ತೇ ಮಧ್ಯಾಹ್ನ ಮೂವರಿಗೂ ಮೇಲ್ ಹೋಯಿತು, ಎರಡು ವಾರದಲ್ಲಿ ವೆಂಡರ್‌ಗಳ ವರ್ಗ ತಿದ್ದಿ ಮುಗಿಸಿದರು. ಅಕ್ಕ ಆ ಏಪ್ರಿಲ್‌ನಲ್ಲಿ ಸಂಜೆ ಆರಕ್ಕೆ ಮನೆಗೆ ಹೋದರು.

ನಿಪ್ಪಾಣಿಯವರಿಗೆ ಹಳೆಯ ಬಾಕಿ 2024ರ ಮಾರ್ಚ್‌ನಲ್ಲೇ ಹೋಯಿತು. ಬಡ್ಡಿಯೂ ಸೇರಿ ಹೋಗಲಿ ಎಂದು ನಾನು ಮತ್ತು ಅಕ್ಕ ಇಬ್ಬರೂ ಬರೆದುಕೊಟ್ಟೆವು, ಅದು ಸಿಗಲು ಮತ್ತೆರಡು ತಿಂಗಳು ಹಿಡಿಯಿತು. ಈಗ ಅವರಿಗೆ ಆರ್ಡರ್ ಜೊತೆ ಒಂದು ಹುದ್ದೆಯ ಹೆಸರು ಮತ್ತು ಒಂದು ಫೋನ್ ನಂಬರ್ ಹೋಗುತ್ತದೆ. ಬಿಲ್ ನಿಂತರೆ ಕೇಳಬೇಕಾದ ನಂಬರ್ ಅದು.

ಒಂದು ಬಾಕ್ಸ್ ಇನ್ನೂ ಬಾಕಿ ಇದೆ. ಮಾಲಿನಲ್ಲಿ ಸ್ವಲ್ಪ ಭಾಗ ಮಾತ್ರ ಕೆಟ್ಟಿದ್ದರೆ, 15 ದಿನದೊಳಗೆ ಬರವಣಿಗೆಯ ತಕರಾರು ಕಳಿಸುವವರು ಯಾರು? ಕೆಟ್ಟಿದ್ದನ್ನು ಕಂಡುಹಿಡಿಯುವುದು ಕ್ವಾಲಿಟಿ, ವೆಂಡರ್ ಜೊತೆ ಮಾತಾಡುವುದು ಪರ್ಚೇಸ್. ಅದರ ಒಡೆಯರ ಕಾಲಂನಲ್ಲಿ ಈಗ "ತೀರ್ಮಾನವಾಗಿಲ್ಲ" ಎಂದು ಬರೆದಿದ್ದೇನೆ, ಬಾಕ್ಸಿಗೆ ಕೆಂಪು ಗೆರೆ ಎಳೆದಿದ್ದೇನೆ. ಬುಧವಾರ ಮೀಟಿಂಗ್. ಎರಡೂ ಕಡೆಯವರು ಬರುತ್ತೇವೆ ಎಂದಿದ್ದಾರೆ.