ಕತ್ತಿಯ ಮೇಲಿನ ಕೆಂಪು

ನಾನು ಪಿಯುಸಿ ಮುಗಿಸಿದ ವರ್ಷದ ಆಷಾಢ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಹದಿನೈದು ದಿನ ಹಿಡಿದು ಹೊಯ್ದ ಮಳೆ ಅವತ್ತು ಬೆಳಿಗ್ಗೆ ಹೊಳವಾಗಿತ್ತು. ಎರಡನೇ ಸಲದ ಔಷಧಿ ಹೊಡೆಸಲು ಅಪ್ಪಯ್ಯ ಕಾಯುತ್ತಿದ್ದದ್ದೇ ಇಂಥ ಹೊಳವಿಗೆ. ಅಡಿಕೆ ಮರದ ಬುಡದಲ್ಲಿ ಆಗಲೇ ಕೊಳೆರೋಗ ಬಂದ ಕಾಯಿಗಳು ಬಿದ್ದಿದ್ದವು, ಮೈಮೇಲೆ ಬಿಳಿ ಬೂಷ್ಟು. ಆ ಬಿಳಿ ಕಂಡ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ನನ್ನ ಮುಂದಿನ ಓದೂ ತೀರ್ಮಾನವಾಗಿರಲಿಲ್ಲ. ಇಂಜಿನಿಯರಿಂಗ್ ಸೇರಿಸಿ ಎಂದು ಬೆಂಗಳೂರಿನ ಮಾವ ದಿನಾ ಫೋನು ಮಾಡುತ್ತಿದ್ದರು.

ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಒಂದು ಕೆಜಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಲ್ಲಿ ತಿರುವುವುದು ನನ್ನ ಕೆಲಸ. ತಿಳಿನೀಲಿ ಬಣ್ಣ ಬಂತು. ಅಪ್ಪಯ್ಯ ತಿಕ್ಕಿ ತೊಳೆದ ಕತ್ತಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಅಲಗಿನ ತುದಿಯಲ್ಲಿ ಕೆಂಪು.

"ಸುಣ್ಣ ಸಾಲದು ಕಣೆ, ಇನ್ನೊಂದು ಬೊಗಸೆ ಹಾಕು."

ಚಿಕ್ಕಂದಿನಿಂದ ನೋಡಿದ್ದೆ, ತುಕ್ಕು ಎಂದುಕೊಂಡಿದ್ದೆ. ಅವತ್ತು ಮೈ ಜುಮ್ಮೆಂದಿತು. "ಅಪ್ಪಯ್ಯ, ಅದು ತಾಮ್ರ! ಮೈಲುತುತ್ತದಲ್ಲಿರೋ ತಾಮ್ರವನ್ನ ಕಬ್ಬಿಣ ಹೊರಗೆ ತಳ್ಳುತ್ತೆ." ಅವರು ಕತ್ತಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಹಾಗಾದ್ರೆ ಸುಣ್ಣ ಕಮ್ಮಿಯಾದಾಗ ಎಳೆಕಾಯಿ ಸುಡೋದು ಅದೇ ತಾಮ್ರವೇ ಇರಬೇಕು," ಎಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ತೋಟದಲ್ಲಿ ಆಗಲೇ ಕಂಡಿದ್ದರು, ಹೆಸರೊಂದು ಸಿಕ್ಕಿರಲಿಲ್ಲ.

ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಕಾಲಿಗೆ ತಳೆ ಹಾಕಿ ಮರ ಹತ್ತಿದ್ದರು. ಕೆಳಗೆ ಪಂಪು ಹಿಡಿದವನು ಅವರ ಮಗ, ನನ್ನದೇ ವಯಸ್ಸು. ನಡುವೆ ಪಂಪು ಕಟ್ಟಿಕೊಂಡಿತು. ಅವನು ಅಲ್ಲೇ ಕೂತು ಬಿಚ್ಚಿ, ಒಳಗೆ ಕೂತಿದ್ದ ಸುಣ್ಣದ ಗಸಿಯನ್ನು ಹಿಡಿಕಡ್ಡಿಯಲ್ಲಿ ಕೆರೆದು, ಹತ್ತೇ ನಿಮಿಷದಲ್ಲಿ ಜೋಡಿಸಿದ. "ಮರ ಹತ್ತದೇನೇ ಔಷಧಿ ಹೊಡೆಯೋ ಮಿಷನ್ ಬೇಕು," ಎಂದ, ಮೇಲೆ ನೋಡುತ್ತಾ. "ಅಪ್ಪಂಗೆ ಮಂಡಿ ನೋವು." ಈಗ ಅವನದು ಪಂಪು, ದೋಟಿ ರಿಪೇರಿಯ ಸ್ವಂತ ಅಂಗಡಿ. ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಔಷಧಿ ಹೊಡೆಯುವುದನ್ನು ಊರಿನ ಹುಡುಗರಿಗೆ ಕಲಿಸುತ್ತಾನೆ. ಹುಟ್ಟಿದ ಮನೆ ಮನುಷ್ಯನನ್ನು ಕಟ್ಟಿಹಾಕುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಅವನನ್ನು ನೋಡಿಯೇ. ಅಪ್ಪನ ಮಂಡಿ ನೋವು ಇಲ್ಲದಿದ್ದರೆ ಅವನಿಗೆ ಆ ಹಂಬಲ ಎಲ್ಲಿಂದ ಬರಬೇಕಿತ್ತು?

ಮುಂದೆ ಕಾಲೇಜಿನಲ್ಲಿ ಓದುವಾಗ ಲೆಸ್ಲಿ ಕೋಲ್ಮನ್ ಬಗ್ಗೆ ತಿಳಿಯಿತು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ, 1910ರಲ್ಲೇ ನಮ್ಮ ಕೊಳೆರೋಗದ ಬಗ್ಗೆ ಬರೆದವರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣವನ್ನು, ಅಂದರೆ ನಾವು ಕಲಸುತ್ತಿದ್ದ ಇದೇ ಮೈಲುತುತ್ತ-ಸುಣ್ಣದ ಔಷಧಿಯನ್ನು, ಅಡಿಕೆಗೆ ಒಗ್ಗಿಸಿದವರು. ಅದನ್ನು ಓದಿದ ರಾತ್ರಿ ಹಾಸ್ಟೆಲಿನಲ್ಲಿ ಅಪ್ಪಯ್ಯನ ಕತ್ತಿಯೇ ಕಣ್ಣ ಮುಂದಿತ್ತು.

ಅವತ್ತು ನಾಲ್ಕು ಗಂಟೆಗೆ ಮತ್ತೆ ಮಳೆ ಹಿಡಿಯಿತು. ಮೂವತ್ತು ಮರ ಬಾಕಿ. ಒದ್ದೆಯಾಗಿ ಮನೆ ಸೇರುವಷ್ಟರಲ್ಲಿ ಮಾವನ ಫೋನು. ಅಪ್ಪಯ್ಯನ ಬೆರಳುಗಳಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ. ರಿಸೀವರ್ ಕಿವಿಗಿಟ್ಟುಕೊಂಡು ನನ್ನನ್ನೇ ನೋಡುತ್ತಾ, "ಇಲ್ಲ ಭಾವ, ಇವಳು ಕೆಮಿಸ್ಟ್ರಿ ಓದ್ತಾಳೆ," ಎಂದರು.